ವಾರ್ಡನ್ನಿನ ಎರಡು ಲೆಕ್ಕ

ಸಂಜೆ ನಾಲ್ಕರ ಹೊತ್ತಿಗೆ ಅಡುಗೆಯವರು ವಾರ್ಡನ್ ಕೋಣೆಯ ಬಾಗಿಲಿಗೆ ಬಂದು ಕೇಳುವ ಪ್ರಶ್ನೆ ಎಲ್ಲ ಸರಕಾರಿ ಹಾಸ್ಟೆಲ್ಲುಗಳಲ್ಲೂ ಒಂದೇ: "ರಾತ್ರಿಗೆ ಎಷ್ಟು ಜನಕ್ಕೆ ಅಕ್ಕಿ ಹಾಕ್ಲಿ ಸಾರ್?" ಮೇಜಿನ ಮೇಲೆ ತೆರೆದಿಟ್ಟ ಹಾಜರಾತಿ ವಹಿಯಲ್ಲಿ ನೂರು ಹೆಸರಿಗೆ ನೂರು ಗುರುತು ಬಿದ್ದಿರುತ್ತದೆ. ವಾರ್ಡನ್ ಅದರತ್ತ ಕಣ್ಣು ಕೂಡ ಹಾಯಿಸದೆ "ಎಪ್ಪತ್ತಕ್ಕೆ ಹಾಕಿ, ಇವತ್ತು ಶುಕ್ರವಾರ" ಅನ್ನುತ್ತಾರೆ. ಕೇಳಿದವರಿಗೂ ಹೇಳಿದವರಿಗೂ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ವಹಿಯ ನೂರು ಬಿಲ್ಲಿಗೆ, ಬಾಯಿಮಾತಿನ ಎಪ್ಪತ್ತು ಒಲೆಗೆ. ಒಂದೇ ಕಟ್ಟಡದಲ್ಲಿ, ಒಂದೇ ಮಕ್ಕಳ ಬಗ್ಗೆ, ಒಬ್ಬನೇ ಮನುಷ್ಯ ಇಟ್ಟುಕೊಂಡ ಈ ಎರಡು ಲೆಕ್ಕ ನನ್ನ ತಲೆಯಲ್ಲಿ ಬಹಳ ಕಾಲದಿಂದ ಕೊರೆಯುತ್ತಿದೆ.

ಇದನ್ನು ಕಳ್ಳತನ ಎಂದು ಕರೆದು ಮುಗಿಸುವುದು ಸುಲಭ. ಕಳ್ಳತನ ನಡೆಯುತ್ತದೆ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಲೋಕಾಯುಕ್ತದವರು ಹಾಸ್ಟೆಲ್ಲಿಗೆ ಬಂದರೆ ಮೊದಲು ಎತ್ತಿಕೊಳ್ಳುವುದೇ ಹಾಜರಾತಿ ವಹಿ, ಆಮೇಲೆ ದಾಸ್ತಾನು ವಹಿ. ಆದರೆ ಒಂದು ಪೈಸೆ ಮುಟ್ಟದ ವಾರ್ಡನ್ನರ ಮೇಜಿನ ಮೇಲೂ ಈ ಎರಡು ಲೆಕ್ಕ ಇರುತ್ತದೆ. ಅದು ಯಾಕೆ, ಮತ್ತು ಅದರಿಂದ ನಿಜವಾಗಿ ಕೆಡುವುದು ಏನು ಅನ್ನುವುದರ ಬಗ್ಗೆ ಮಾತು ಕಮ್ಮಿ.

ಗ್ಯಾಸಿಗೆ ತಲೆಲೆಕ್ಕ ಗೊತ್ತಿಲ್ಲ

ಊಟದ ದುಡ್ಡು ಬರುವುದು ತಲೆಲೆಕ್ಕದಲ್ಲಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ಒಬ್ಬ ಹುಡುಗನಿಗೆ ತಿಂಗಳಿಗೆ 1,800 ರೂಪಾಯಿ ಅಂತ ಇಟ್ಟುಕೊಳ್ಳಿ, ದಿನಕ್ಕೆ 60. ಆ ಅರವತ್ತರಲ್ಲಿ ಬೆಳಗಿನ ತಿಂಡಿ, ಎರಡು ಊಟ, ಹಾಲು ಅಥವಾ ಚಹಾ, ವಾರಕ್ಕಿಷ್ಟು ಮೊಟ್ಟೆ, ಬಾಳೆಹಣ್ಣು. ಪಿಯುಸಿ ಓದುವ ಹುಡುಗ ಒಂದು ಹೊತ್ತಿಗೆ 175 ರಿಂದ 200 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಾನೆ. ನೂರು ಜನರ ಸಾಂಬಾರಿಗೆ ಬೇಳೆ ನಾಲ್ಕು ಕೆಜಿಗಿಂತ ಇಳಿದರೆ ಅದು ಸಾಂಬಾರಾಗಿ ಉಳಿಯುವುದಿಲ್ಲ. ತರಕಾರಿ ಎಂಟರಿಂದ ಹತ್ತು ಕೆಜಿ. ಚಪಾತಿಯಾದರೆ ಒಂದು ಕೆಜಿ ಹಿಟ್ಟಿಗೆ ಮೂವತ್ತರ ಒಳಗೆ, ಮುದ್ದೆಯಾದರೆ ಒಬ್ಬನಿಗೆ ನೂರು ಗ್ರಾಂಗೆ ಮೇಲೆ ಹಿಟ್ಟು. ಇವೆಲ್ಲ ತಲೆ ಕಮ್ಮಿಯಾದಂತೆ ಕಮ್ಮಿಯಾಗುವ ಖರ್ಚು.

ಕಮ್ಮಿಯಾಗದ ಖರ್ಚು ಬೇರೆ ಇದೆ. ನೂರು ಜನರ ಮೂರು ಹೊತ್ತಿನ ಅಡುಗೆಗೆ 19 ಕೆಜಿಯ ಸಿಲಿಂಡರ್ ಎರಡು ದಿನ ಬಂದರೆ ಹೆಚ್ಚು. ಅರುವತ್ತು ಜನ ಇದ್ದರೂ ಅದೇ ದೊಡ್ಡ ಪಾತ್ರೆ ಕಾಯಬೇಕು, ಅದೇ ಎಸರು ಕುದಿಯಬೇಕು. ಉಳಿಯುವ ಗ್ಯಾಸು ಐದನೇ ಒಂದು ಭಾಗ ಆದರೆ ಅದೇ ಹೆಚ್ಚು. ರಾಗಿ ಬೀಸಿಸುವ ಕೂಲಿ, ತರಕಾರಿ ತರುವ ಆಟೋ ಬಾಡಿಗೆ, ಪಾತ್ರೆ ತೊಳೆಯುವ ಸೋಪು, ಫಿನೈಲು, ಕೆಟ್ಟ ಮಿಕ್ಸಿ, ಸುಟ್ಟ ಬಲ್ಬು, ಕಟ್ಟಿಕೊಂಡ ಚರಂಡಿ, ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಎಂದ ಹುಡುಗನನ್ನು ತಾಲೂಕು ಆಸ್ಪತ್ರೆಗೆ ಒಯ್ಯುವ ಗಾಡಿ. ಇವಕ್ಕೆಂದು ಸಾದಿಲ್ವಾರು ಅನ್ನುವ ಬಾಬತ್ತು ಇದೆ. ಆದರೆ ಚರಂಡಿ ಕಟ್ಟಿಕೊಳ್ಳುವುದು ಆಗಸ್ಟಿನಲ್ಲಿ, ಸಾದಿಲ್ವಾರು ಬಿಲ್ಲು ಪಾಸಾಗುವ ಹುರುಪು ಬರುವುದು ಮಾರ್ಚಿನಲ್ಲಿ. ಅಲ್ಲಿಯವರೆಗೆ ದಿನಸಿ ಅಂಗಡಿಯವನ ಉದ್ರಿ ಪುಸ್ತಕವೇ ಹಾಸ್ಟೆಲ್ಲಿನ ಖಜಾನೆ.

ಹಾಗಾಗಿ ಶುಕ್ರವಾರ ಊರಿಗೆ ಹೋದ ಮೂವತ್ತು ಹುಡುಗರು ವಹಿಯಲ್ಲಿ ಉಳಿದುಕೊಳ್ಳುತ್ತಾರೆ. ಅವರ ಪಾಲಿನ ದುಡ್ಡಿನಲ್ಲಿ ಚರಂಡಿ ತೆಗೆಸುತ್ತಾರೆ, ಯುಗಾದಿಗೆ ಒಬ್ಬಟ್ಟು ಮಾಡಿಸುತ್ತಾರೆ. ಒಳ್ಳೆಯ ವಾರ್ಡನ್ ಇದನ್ನು ಹೊಂದಾಣಿಕೆ ಎನ್ನುತ್ತಾರೆ. ಕೆಟ್ಟ ವಾರ್ಡನ್ ಕೂಡ ಅದೇ ಬಾಗಿಲಿನಿಂದ ಒಳಗೆ ಬಂದು ಮನೆ ಕಟ್ಟಿಸಿಕೊಳ್ಳುತ್ತಾರೆ. ಹೊರಗಿನಿಂದ ನೋಡುವ ತನಿಖಾಧಿಕಾರಿಗೆ ಇಬ್ಬರ ವಹಿಯೂ ಒಂದೇ ಥರ ಕಾಣುತ್ತದೆ. ಇಬ್ಬರೂ ಒಂದೇ ಸುಳ್ಳು ಬರೆದಿರುವುದರಿಂದ ಒಳ್ಳೆಯವರಿಗೆ ಕೆಟ್ಟವರ ವಿರುದ್ಧ ಬಾಯಿ ತೆರೆಯುವ ನೈತಿಕ ಧೈರ್ಯವೂ ಇರುವುದಿಲ್ಲ.

ಮಠದ ಹಾಸ್ಟೆಲ್ಲುಗಳಲ್ಲಿ ಈ ತೊಡಕು ಬೇರೆ ಥರ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ. ಸುಗ್ಗಿಯಲ್ಲಿ ರೈತರು ತಂದುಕೊಡುವ ರಾಗಿ, ಭತ್ತ ಕಣಜಕ್ಕೆ ಹೋಗುವುದು ಇಂತಿಷ್ಟು ತಲೆಗೆ ಇಂತಿಷ್ಟು ಎಂದು ಅಲ್ಲ. ದಾಸೋಹದ ಮನೆಯಲ್ಲಿ ಎಣಿಕೆ ಬೇಕಾಗುವುದು ಒಲೆ ಹಚ್ಚುವವರಿಗೆ ಮಾತ್ರ. ಅವರಿಗೆ ಸುಳ್ಳು ಎಣಿಕೆಯಿಂದ ಲಾಭವೂ ಇಲ್ಲ, ಉಪಯೋಗವೂ ಇಲ್ಲ. ಸರಕಾರಿ ಹಾಸ್ಟೆಲ್ಲನ್ನು ಮಠದ ಥರ ನಡೆಸಿ ಎಂದು ಇದರರ್ಥ ಅಲ್ಲ. ಕಾನೂನಿನ ಹಕ್ಕಿನಿಂದ ಬಂದ ಊಟಕ್ಕೂ ದಾಸೋಹಕ್ಕೂ ವ್ಯತ್ಯಾಸ ಇದೆ, ಇರಬೇಕು. ಎಣಿಕೆಯ ತುದಿಗೆ ದುಡ್ಡು ಕಟ್ಟಿದಾಗ ಎಣಿಕೆ ಏನಾಗುತ್ತದೆ ಅನ್ನುವುದಷ್ಟೇ ಇಲ್ಲಿ ಕಾಣಬೇಕಾದದ್ದು.

ಅನ್ನ ಮಿಕ್ಕಿದ ರಾತ್ರಿ

ಅನುಭವಸ್ಥ ಅಡುಗೆಯವರು ವಾರ್ಡನ್ನಿನ ಸಂಖ್ಯೆಯನ್ನು ಕೇಳುತ್ತಾರೆಯೇ ಹೊರತು ಪೂರ್ತಿ ನಂಬುವುದಿಲ್ಲ. ಅವರದು ಮೂರನೇ ಲೆಕ್ಕ. ಮೊಟ್ಟೆ ಇರುವ ದಿನ ಡೇ ಸ್ಕಾಲರ್ ಗೆಳೆಯರೂ ಸೇರಿ ನೂರಾ ಐದು. ಉಪ್ಪಿಟ್ಟಿನ ಬೆಳಗ್ಗೆ ಎಂಬತ್ತು. ಕ್ರಿಕೆಟ್ ಪಂದ್ಯ ಇದ್ದ ರಾತ್ರಿ ಊಟಕ್ಕೆ ಬರುವವರು ಕಮ್ಮಿಯಾಗುವುದಿಲ್ಲ, ತಡವಾಗುತ್ತಾರೆ. ಅಮಾವಾಸ್ಯೆ, ಊರ ಜಾತ್ರೆ, ಕಬ್ಬು ಕಟಾವು, ಅಡಿಕೆ ಕೊಯ್ಲು ಎಲ್ಲ ಅವರ ತಲೆಯಲ್ಲಿ ಇರುತ್ತದೆ. ಹೊರಗುತ್ತಿಗೆಯಲ್ಲಿ ಬಂದು ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವ ಈ ಹೆಂಗಸರು ಬದಲಾದರೆ ಹಾಸ್ಟೆಲ್ಲು ಕಳೆದುಕೊಳ್ಳುವುದು ಈ ಪಂಚಾಂಗವನ್ನು.

ಲೆಕ್ಕ ತಪ್ಪಿ ಐದು ಕೆಜಿ ಅಕ್ಕಿ ಹೆಚ್ಚು ಬಿದ್ದರೆ ಹನ್ನೆರಡು ಹದಿಮೂರು ಕೆಜಿ ಅನ್ನ ಮಿಗುತ್ತದೆ. ಅದು ಬೆಳಗ್ಗೆ ಚಿತ್ರಾನ್ನ ಆಗುತ್ತದೆ. ಹಾಸ್ಟೆಲ್ಲುಗಳಲ್ಲಿ ಸಾಮೂಹಿಕವಾಗಿ ವಾಂತಿ ಶುರುವಾದಾಗ ಎಲ್ಲರೂ ಸಾಂಬಾರಿನಲ್ಲಿ ಹಲ್ಲಿ ಹುಡುಕುತ್ತಾರೆ. ಹಲ್ಲಿ ಸಿಕ್ಕರೆ ಸಮಾಧಾನ, ಯಾರದೂ ತಪ್ಪಿಲ್ಲ. ಅನ್ನವನ್ನು ಅನುಮಾನಿಸುವವರು ಕಮ್ಮಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಮುಚ್ಚಿದ ದೊಡ್ಡ ಪಾತ್ರೆಯಲ್ಲಿ ಅನ್ನ ರಾತ್ರಿಯಿಡೀ ಉಗುರುಬೆಚ್ಚಗೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ಬೆಳಗ್ಗೆ ಒಗ್ಗರಣೆ ಎಷ್ಟೇ ಚುರುಕಾಗಿ ಕೊಟ್ಟರೂ ವಾಂತಿ ತರಿಸುವ ಆ ವಿಷ ಬಿಸಿಗೆ ಅಳಿಯುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ತರಗತಿಯಲ್ಲಿ ಕೂತ ಹುಡುಗರು ಒಬ್ಬೊಬ್ಬರಾಗಿ ಹೊರಗೆ ಓಡುತ್ತಾರೆ. ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಅಗಲ ತಟ್ಟೆಗಳಿಗೆ ತೆಳ್ಳಗೆ ಹರವಿ ಆರಿಸಿ ಫ್ರಿಜ್ಜಿಗೆ ಇಡಬೇಕು. ಫ್ರಿಜ್ ಇಲ್ಲದ ಕಡೆ ಹಸುವಿಗೆ ಹಾಕಬೇಕು. ಮಾಡಿದ ಪ್ರತಿ ಪದಾರ್ಥದ ಒಂದು ಡಬ್ಬಿಯನ್ನು 24 ಗಂಟೆ ಎತ್ತಿಟ್ಟರೆ, ಏನಾದರೂ ಆದಾಗ ಯಾವುದರಿಂದ ಆಯಿತು ಎಂದು ತಿಳಿಯುತ್ತದೆ. ಆದರೆ ದಿನಸಿ ಬಿಲ್ಲಿನ ಪ್ರಕಾರ ನಿನ್ನೆ ರಾತ್ರಿ ನೂರು ಜನ ಉಂಡಿದ್ದಾರೆ. ಅನ್ನ ಮಿಕ್ಕಿತ್ತು ಎಂದು ಯಾವ ವಾರ್ಡನ್ ಬರೆದುಕೊಡುತ್ತಾರೆ? ಎರಡು ಲೆಕ್ಕದ ಮೊದಲ ಬೆಲೆ ಇದು. ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ.

ಎಂಟು ಮಂಚ, ಆರು ಹುಡುಗರು

ತುರಿಕಜ್ಜಿಯ ವಿಷಯದಲ್ಲಿ ಈ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಹಾಸ್ಟೆಲ್ಲಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕೋಣೆಯಿಂದ ಶುರುವಾಗಿ ಸಂಕ್ರಾಂತಿಯವರೆಗೂ ಕಟ್ಟಡದೊಳಗೆ ಸುತ್ತುತ್ತಲೇ ಇರುತ್ತದೆ. ಬೆರಳಸಂದಿ, ಮಣಿಕಟ್ಟು, ಸೊಂಟದ ಪಟ್ಟಿ, ತೊಡೆಸಂದು. ರಾತ್ರಿ ಕಂಬಳಿ ಹೊದ್ದ ಮೇಲೆ ತುರಿಕೆ ಹೆಚ್ಚು.

ಒಂದು ಹಾಸ್ಟೆಲ್ಲಿನಲ್ಲಿ ನಡೆದದ್ದು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕಜ್ಜಿಯ ಹುಳ ಕೊಲ್ಲುವ ಪರ್ಮೆತ್ರಿನ್ ಶೇ 5ರ ಕ್ರೀಮು ಬರೆದುಕೊಟ್ಟರು. ವಾರ್ಡನ್ ಶಿಸ್ತಿನ ಮನುಷ್ಯ. ರಾತ್ರಿ ಊಟವಾದ ಮೇಲೆ ಆ ಕೋಣೆಯ ಹುಡುಗರನ್ನೆಲ್ಲ ಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿ, ಕುತ್ತಿಗೆಯಿಂದ ಪಾದದ ಅಡಿಯವರೆಗೆ, ಉಗುರಿನ ಕೆಳಗೂ ಬಿಡದಂತೆ ಹಚ್ಚಿಸಿದರು. ದೊಡ್ಡ ಹುಡುಗರಿಗೆ ಒಬ್ಬೊಬ್ಬರಿಗೆ 30 ಗ್ರಾಂನ ಒಂದು ಟ್ಯೂಬು. ತುರಿಕೆ ಇಲ್ಲದವರು "ನಮಗ್ಯಾಕೆ ಸಾರ್" ಎಂದು ನಕ್ಕರೂ ಬಿಡಲಿಲ್ಲ. ಬಿಡದಿದ್ದದ್ದು ಸರಿ. ಮೊದಲ ಸಲ ಹುಳ ಹತ್ತಿದವನಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರಲ್ಲಿ ಅವನು ಇನ್ನೂ ನಾಲ್ವರಿಗೆ ದಾಟಿಸಿರುತ್ತಾನೆ. ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು, ಬೆಳಗ್ಗೆ ಸ್ನಾನ. ಹಾಸಿಗೆ ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಒಗೆಯಲಾಗದ ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಅಟ್ಟದ ಮೇಲಿಟ್ಟರು. ಮೈಬಿಟ್ಟ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಏಳನೇ ದಿನ ಮತ್ತೊಮ್ಮೆ ಹಚ್ಚಿಸಿದರು. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೆಯೇ.

ತಿಂಗಳೊಳಗೆ ಕಜ್ಜಿ ವಾಪಸು ಬಂತು. ಔಷಧಿ ಡುಪ್ಲಿಕೇಟು ಎಂದು ಮಾತಾಯಿತು. ಕೆಲವು ಹುಡುಗರು ಹುಳ ಸತ್ತ ಮೇಲೂ ಎರಡು ಮೂರು ವಾರ ಇರುವ ತುರಿಕೆಯನ್ನೇ ರೋಗ ಎಂದುಕೊಂಡು ದಿನಾ ಕ್ರೀಮು ಬಳಿದು ಚರ್ಮ ಸುಟ್ಟುಕೊಂಡರು. ಕೊನೆಗೆ ಗೊತ್ತಾದದ್ದು ಇಷ್ಟೇ: ಕೋಣೆಯಲ್ಲಿ ಎಂಟು ಮಂಚ, ವಹಿಯಲ್ಲಿ ಎಂಟು ಹಾಜರಿ, ಕ್ರೀಮು ಹಚ್ಚಿದ ರಾತ್ರಿ ಇದ್ದವರು ಆರು. ಇಬ್ಬರು ಊರಿಗೆ ಹೋಗಿದ್ದರು. ಸೋಮವಾರ ಬೆಳಗ್ಗೆ ಬಂದು ತಮ್ಮ ಹಳೇ ಹೊದಿಕೆಯ ಸಮೇತ ಅದೇ ಮಂಚಗಳಲ್ಲಿ ಮಲಗಿದರು. ಎಂಟು ಟ್ಯೂಬು ಖರ್ಚಾಗಿದೆ ಎಂದು ದಾಸ್ತಾನು ವಹಿ ಹೇಳುತ್ತಿದ್ದುದರಿಂದ ಆ ಇಬ್ಬರಿಗೆ ಹಚ್ಚಿಲ್ಲ ಎಂಬುದು ಯಾರ ತಲೆಗೂ ಬರಲಿಲ್ಲ. ಅವರ ಮನೆಯಲ್ಲಿ ತಮ್ಮ ತಂಗಿಯರಿಗೂ ಹತ್ತಿತ್ತು ಅನ್ನುವುದು ಇನ್ನೊಂದು ಕಥೆ.

ತುರಿಕಜ್ಜಿಗೆ ವಾರದ ನಡುವಿನ ದಿನ ಆರಿಸಬೇಕು. ಬುಧವಾರ ರಾತ್ರಿ, ಮತ್ತೆ ಮುಂದಿನ ಬುಧವಾರ ರಾತ್ರಿ. ಮಂಚದ ಸಂಖ್ಯೆ ಹಿಡಿದು ಹಚ್ಚಬೇಕು, ಹೆಸರು ಹಿಡಿದು ಅಲ್ಲ. ಖಾಲಿ ಮಂಚಕ್ಕೆ ಖಾಲಿ ಎಂದೇ ಬರೆದು, ಆ ಹುಡುಗ ಬಂದ ದಿನ ಮೊದಲು ಕ್ರೀಮು, ಆಮೇಲೆ ಹಾಸಿಗೆ.

ನೀರಿನ ಟ್ಯಾಂಕಿನದೂ ಸಣ್ಣದಾಗಿ ಇದೇ ಗೋಳು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ ಐದು ಸಾವಿರದ ಟ್ಯಾಂಕಿಗೆ ಊಟದ ಚಮಚದಲ್ಲಿ ಒಂದು ತುಂಬ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಸುರಿದು, ಒಂದು ಗಂಟೆ ಬಿಡಬೇಕು. ಬಾಯಿ ಬಿಚ್ಚಿಟ್ಟ ಮೂಟೆಯ ಪುಡಿ ತೇವ ಹೀರಿ ಸತ್ತಿರುತ್ತದೆ, ವಾಸನೆ ಇದ್ದರೂ ಕಸುವು ಇರುವುದಿಲ್ಲ. ಜನ ಇಲ್ಲದ ವಾರಾಂತ್ಯದಲ್ಲಿ ನೀರು ಬಿಸಿಲಿನ ಟ್ಯಾಂಕಿನಲ್ಲಿ ಎರಡು ದಿನ ನಿಂತು ಕ್ಲೋರಿನ್ ಹಾರಿಹೋಗುತ್ತದೆ. ಭಾನುವಾರ ರಾತ್ರಿ ಎಲ್ಲರೂ ಒಟ್ಟಿಗೆ ಬಂದು ಅದನ್ನೇ ಕುಡಿಯುತ್ತಾರೆ. ಎಷ್ಟು ಜನ ಇದ್ದರು ಎಂದು ಗೊತ್ತಿದ್ದರೆ ಭಾನುವಾರ ಸಂಜೆ ಇನ್ನೊಂದು ಚಮಚ ಹಾಕುವ ನೆನಪು ಬರುತ್ತದೆ.

ಭಾನುವಾರ

ಹಾಸ್ಟೆಲ್ಲಿನ ಅಪಾಯಗಳು ಭಾನುವಾರ ಮತ್ತು ರಜೆಗಳನ್ನು ಹುಡುಕಿಕೊಂಡು ಬರುತ್ತವೆ. ಒಬ್ಬರೇ ವಾರ್ಡನ್ನಿಗೆ ಎರಡು, ಕೆಲವು ಕಡೆ ಮೂರು ಹಾಸ್ಟೆಲ್ಲುಗಳ ಪ್ರಭಾರ. ಭಾನುವಾರ ಅವರು ಎಲ್ಲಿದ್ದಾರೆ ಎಂದರೆ ಇನ್ನೊಂದು ಹಾಸ್ಟೆಲ್ಲಿನಲ್ಲಿ ಎಂಬ ಉತ್ತರ ಎರಡೂ ಕಡೆ ಸಿಗುತ್ತದೆ. 2019ರ ಆಗಸ್ಟ್ 18 ಭಾನುವಾರ. ಕೊಪ್ಪಳದಲ್ಲಿ ಬಾಡಿಗೆ ಕಟ್ಟಡದಲ್ಲಿದ್ದ ಹಿಂದುಳಿದ ವರ್ಗಗಳ ಬಾಲಕರ ಹಾಸ್ಟೆಲ್ಲಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಧ್ವಜಕಂಬವನ್ನು ತೆಗೆಯುವಾಗ ಅದು ವಿದ್ಯುತ್ ತಂತಿಗೆ ತಗುಲಿ ಐವರು ಹುಡುಗರು ಸತ್ತರು. ಬಾಡಿಗೆ ಕಟ್ಟಡ ಗೊತ್ತುಮಾಡುವಾಗ ಕೋಣೆ, ಶೌಚಾಲಯ, ಬಾಡಿಗೆ ನೋಡುತ್ತಾರೆ. ಮಹಡಿಯ ಮೇಲೆ ಹತ್ತಿ, ಕೈಗೆಟುಕುವ ದೂರದಲ್ಲಿ ತಂತಿ ಹಾದಿದೆಯೇ ಎಂದು ನೋಡಬೇಕು. ಹಾದಿದ್ದರೆ ಆ ಕಟ್ಟಡ ಬೇಡ.

ಒಳಗಿನ ವಿದ್ಯುತ್ತಿನ ಕಥೆ ನೀರು ಕಾಯಿಸುವ ಕಾಯಿಲ್ಲಿನದು. ಸೌರ ಹೀಟರು ಗಡಸುನೀರಿನ ಸುಣ್ಣ ಕಟ್ಟಿ ಕೆಟ್ಟ ಕಡೆಯಲ್ಲೆಲ್ಲ ಟ್ರಂಕಿನೊಳಗೆ ಒಂದು ಕಾಯಿಲ್ ಇರುತ್ತದೆ. 1,500 ವಾಟಿನ ಕಾಯಿಲ್ ಆರೂವರೆ ಆಂಪಿಯರ್ ಎಳೆಯುತ್ತದೆ. ಬೆಳಗಿನ ಜಾವ ನಾಲ್ಕು ಕೋಣೆಯಲ್ಲಿ ನಾಲ್ಕು ಹಾಕಿದರೆ 26. ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಬೀಳುತ್ತದೆ. ಬಿದ್ದು ಬಿದ್ದು ಬೇಸತ್ತ ಯಾರೋ 16 ಆಂಪಿಯರಿನದರ ಜಾಗಕ್ಕೆ 32ರದು ಹಾಕಿಸುತ್ತಾರೆ. ಅಲ್ಲಿಂದ ಮುಂದೆ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗಿನ ತೆಳು ತಂತಿ ಕಾಯಲು ಶುರುವಾಗುತ್ತದೆ. ಹುಡುಗರ ಜೀವ ಉಳಿಸುವುದು ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಕರೆಂಟು ಹೋದರೆ ಅದು ಬದುಕಿದೆ ಎಂದರ್ಥ. ಕಾಯಿಲ್ ಜಪ್ತಿ ಮಾಡುವುದರಿಂದ ಹೊಸ ಕಾಯಿಲ್ ಬರುತ್ತದೆ. ಬಿಸಿನೀರಿನ ಏರ್ಪಾಟು ಮಾಡಿದರೆ ಮಾತ್ರ ನಿಲ್ಲುತ್ತದೆ.

ಇನ್ನು ಬಾರದ ಹುಡುಗ. ಬಯಲುಸೀಮೆಯ ಒಂದು ಮೆಟ್ರಿಕ್ ಪೂರ್ವ ಹಾಸ್ಟೆಲ್ಲು, ಜಾತ್ರೆ ಮುಗಿದ ಭಾನುವಾರ. ಏಳನೇ ತರಗತಿಯ ಹುಡುಗನ ಅಪ್ಪ ರಾತ್ರಿ ಎಂಟೂವರೆಗೆ ಫೋನು ಮಾಡಿ, ಮಗ ಮುಟ್ಟಿದನಾ ಎಂದು ಕೇಳಿದ. ಫೋನು ಎತ್ತಿದ ಕಾವಲುಗಾರ ವಹಿ ನೋಡಿದ, ಹಾಜರಿ ಬಿದ್ದಿತ್ತು. "ಇದ್ದಾನೆ" ಎಂದ. ಆ ಗುರುತನ್ನು ಶನಿವಾರವೇ ಮುಂಗಡವಾಗಿ ಹಾಕಿಟ್ಟಿದ್ದರು. ಅಪ್ಪ ನಿಶ್ಚಿಂತೆಯಿಂದ ಮಲಗಿದ. ಹುಡುಗ ಬಸ್ಸಿನಲ್ಲಿ ನಿದ್ದೆಹೋಗಿ ಮುಂದಿನ ತಾಲೂಕಿನ ನಿಲ್ದಾಣದಲ್ಲಿ ಇಳಿದಿದ್ದ. ಅಲ್ಲಿನ ಕಂಟ್ರೋಲರ್ ಒಬ್ಬರು ತಮ್ಮ ಕೋಣೆಯ ಬೆಂಚಿನ ಮೇಲೆ ಮಲಗಿಸಿಕೊಂಡು ಬೆಳಗ್ಗೆ ಮೊದಲ ಬಸ್ಸಿಗೆ ಹತ್ತಿಸಿದರು. ಅವನು ತಿಂಡಿಯ ಹೊತ್ತಿಗೆ ಗೇಟಿನಲ್ಲಿ ಕಾಣಿಸಿಕೊಂಡಾಗ ಅಡುಗೆಯವರು ಮಾತ್ರ ಹೇಳಿದರಂತೆ, ರಾತ್ರಿ ಒಂದು ತಟ್ಟೆ ಕಮ್ಮಿ ಇತ್ತು, ಯಾರದು ಅಂತ ಯೋಚಿಸ್ತಾ ಇದ್ದೆ ಎಂದು.

ರಾತ್ರಿಯ ಎಣಿಕೆ ಹೆಸರು ಕೂಗಿ ಮಾಡುವುದಲ್ಲ. "ಹಾಜರ್ ಸಾರ್" ಎಂದು ಗೆಳೆಯನ ಪರವಾಗಿ ಕೂಗುವುದು ಹಾಸ್ಟೆಲ್ ಹುಡುಗರು ಮೊದಲ ವಾರದಲ್ಲೇ ಕಲಿಯುವ ವಿದ್ಯೆ. ಒಂಬತ್ತಕ್ಕೆ ಕೋಣೆ ಕೋಣೆ ನಡೆದು ಮಂಚ ಎಣಿಸಬೇಕು. ನೂರು ಮಂಚಕ್ಕೆ ಹನ್ನೆರಡು ನಿಮಿಷ ಸಾಕು. ಖಾಲಿ ಮಂಚ ಸಿಕ್ಕರೆ ಚಲನವಲನ ವಹಿ: ಎಷ್ಟು ಗಂಟೆಗೆ ಹೋದ, ಯಾರ ಜೊತೆ, ಯಾರ ಫೋನು ನಂಬರು. ಮನೆಗೆ ಫೋನು, ಗೆಳೆಯನಿಗೆ ಫೋನು, ಬಸ್ ನಿಲ್ದಾಣಕ್ಕೆ ಒಬ್ಬರು. ಅದರಲ್ಲೂ ಸಿಗದಿದ್ದರೆ ಪೊಲೀಸರ 112. ಮಗು ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇಲಾಖೆಗೆ ಗೊತ್ತಾದರೆ ನೋಟೀಸು ಬರುತ್ತದೆ ಎಂಬ ಹೆದರಿಕೆಗೆ ವಾರ್ಡನ್ನರು ತಾವೇ ಬೈಕಿನಲ್ಲಿ ಹುಡುಕುತ್ತ ಬೆಳಗು ಮಾಡುವುದುಂಟು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಇದೇ ಹೆದರಿಕೆ ಜೈಲಿಗೂ ಕಳಿಸಬಹುದು. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಒಳಗೊಳಗೇ ವಿಚಾರಣೆ ಮಾಡಿ ಮುಗಿಸುವ ಅಧಿಕಾರ ವಾರ್ಡನ್ನಿಗೂ ಇಲ್ಲ, ಅವರ ಮೇಲಿನವರಿಗೂ ಇಲ್ಲ.

ತಟ್ಟೆಯ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಸತತವಾಗಿ ಮೂರು ರಾತ್ರಿ ಊಟಕ್ಕೆ ಬಾರದ ಹುಡುಗನಿಗೆ ಜ್ವರ ಇರಬಹುದು, ಇಸ್ಪೀಟು ಇರಬಹುದು, ದೊಡ್ಡ ಹುಡುಗರ ಕಾಟ ಇರಬಹುದು, ಹೇಳಿಕೊಳ್ಳಲಾಗದ ಸಂಕಟ ಇರಬಹುದು. ಅಂಥವನನ್ನು ಆಫೀಸಿಗೆ ಕರೆಸಿ ಕೇಳಿದರೆ "ಏನಿಲ್ಲ ಸಾರ್" ಎಂಬುದೇ ಉತ್ತರ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೇಳಿದರೆ ಬೇರೆ ಉತ್ತರ ಬರುತ್ತದೆ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ಆಫೀಸಿನ ಗೋಡೆಗಲ್ಲ, ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಬೇಕು. ಯಾರೂ ನೋಡದಂತೆ ಬರೆದುಕೊಳ್ಳಲು ಅಲ್ಲಿ ಮಾತ್ರ ಆಗುವುದು.

ಯಂತ್ರ ಬಂದ ಮೇಲೆ

ಈಗ ಬೆರಳಚ್ಚು, ಮುಖ ಗುರುತಿಸುವ ಹಾಜರಾತಿ ಬಂದಿದೆ. ಸುಳ್ಳು ಹಾಜರಿ ಕಷ್ಟವಾಗಿದೆ, ಒಳ್ಳೆಯದೇ. ಆದರೆ ರಜೆಯಲ್ಲಿ ಅಡಿಕೆ ಸುಲಿದು, ಗಾರೆ ಕೆಲಸ ಮಾಡಿ ಬಂದ ಹುಡುಗನ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಕರೆಂಟು, ನೆಟ್‌ವರ್ಕು ಇಲ್ಲದ ಸಂಜೆ ಇಡೀ ಹಾಸ್ಟೆಲ್ಲೇ ಗೈರು. ಆ ಮಕ್ಕಳು ಉಂಡದ್ದು ನಿಜ, ಬಿಲ್ಲಿನಲ್ಲಿ ಕಡಿತವಾಗುವುದೂ ನಿಜ. ಹಾಗಾಗಿ ಯಂತ್ರ ಕೆಟ್ಟಾಗ ಬರೆಯಲು ಒಂದು ಪುಸ್ತಕ ಹುಟ್ಟಿಕೊಂಡಿದೆ. ಎರಡು ಲೆಕ್ಕ ಮತ್ತೆ ಎರಡೇ ಆಗಿ ಉಳಿದಿದೆ. ಚರಂಡಿ ಮಾತ್ರ ಆಗಸ್ಟಿನಲ್ಲೇ ಕಟ್ಟಿಕೊಳ್ಳುತ್ತದೆ. ಪ್ರಾಮಾಣಿಕರು ಅದನ್ನು ತಮ್ಮ ಸಂಬಳದಿಂದ ತೆಗೆಸುತ್ತಿದ್ದಾರೆ, ಉಳಿದವರು ಟೆಂಡರುದಾರನ ಜೊತೆ ತೂಕದಲ್ಲಿ ಹೊಂದಿಸಿಕೊಳ್ಳುತ್ತಿದ್ದಾರೆ.

ದಾರಿ ಇಲ್ಲದ್ದೇನಲ್ಲ. ಗ್ಯಾಸು, ಸೋಪು, ರಿಪೇರಿ, ಆಸ್ಪತ್ರೆ ಗಾಡಿಯ ದುಡ್ಡನ್ನು ತಲೆಲೆಕ್ಕದಿಂದ ಬಿಡಿಸಿ, ಕಟ್ಟಡಕ್ಕೆ ಇಂತಿಷ್ಟು ಎಂದು ಮೂರು ತಿಂಗಳಿಗೊಮ್ಮೆ ಮುಂಗಡ ಕೊಡುವುದು. ಅಕ್ಕಿ ಬೇಳೆ ತರಕಾರಿಯನ್ನು ಮಾತ್ರ ತಟ್ಟೆಗೆ ಕಟ್ಟುವುದು. ಆಗ ಊರಿಗೆ ಹೋದ ಹುಡುಗನನ್ನು ಊರಿಗೆ ಹೋದ ಎಂದು ಬರೆದರೆ ಯಾರಿಗೂ ನಷ್ಟವಿಲ್ಲ.

ಅದು ಆಗುವವರೆಗೆ ವಾರ್ಡನ್ ಕೈಯಲ್ಲಿ ಇರುವುದು ಒಂದು ಇನ್ನೂರು ಪುಟದ ನೋಟುಬುಕ್ಕು. ಎಡಕ್ಕೆ ಮಂಚದ ಸಂಖ್ಯೆ, ಬಲಕ್ಕೆ ಮೂರು ಕಲಮು: ರಾತ್ರಿ ತಟ್ಟೆ, ರಾತ್ರಿ ಮಂಚ, ಷರಾ. ದಿನಸಿಗೂ ಬಿಲ್ಲಿಗೂ ಅದರಿಂದ ಏನೂ ಎತ್ತಿಕೊಳ್ಳಬಾರದು. ಷರಾದಲ್ಲಿ ಮೂರ್ಛೆರೋಗದ ಮಾತ್ರೆ, ಶೇಂಗಾ ಆಗದವನು, ಹಾಸಿಗೆ ಒದ್ದೆ ಮಾಡಿಕೊಳ್ಳುವವನು, ಅಪ್ಪ ಬಂದರೆ ಕಳಿಸಬಾರದು ಎಂದು ತಾಯಿ ಹೇಳಿಹೋದವನು. ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ತಟ್ಟೆ, ಲೋಟ, ಮಂಚ, ಫ್ಯಾನು, ಗ್ರೈಂಡರು, ಖಾಲಿ ಸಿಲಿಂಡರುಗಳ ಕೆಳಗೆ ಇದನ್ನೂ ಒಂದು ಬಾಬತ್ತಾಗಿ ಬರೆದು, ಬಂದವರಿಂದ ಸಹಿ ಮಾಡಿಸಿಕೊಂಡು ಕೊಡಬೇಕು. ಚಾರ್ಜ್ ಕೊಡುವುದು ಮಧ್ಯಾಹ್ನ ಮುಗಿಯುತ್ತದೆ, ಸಂಜೆ ನಾಲ್ಕಕ್ಕೆ ಹೊಸಬರ ಕೈಯಲ್ಲಿ ಆ ಪುಸ್ತಕ ಇರಬೇಕು.